ನಾನು ಕಾಣದ ಕಡಲ ಹಕ್ಕಿ

ಆ ಹಡಗಿನಲ್ಲಿ ನಾವು ಏಳು ದಿನ ಇದ್ದೆವು. ಮೊದಲ ಎರಡು ದಿನ ನಾನು ಸಂತೋಷವಾಗಿದ್ದೆ. ಮೂರನೆಯ ದಿನ ಬೆಳಿಗ್ಗೆ, ಜನವಿಲ್ಲದ ಒಂದು ಮರಳುದಿಬ್ಬದ ಎದುರು, ನನ್ನನ್ನು ಒಂದು ಪ್ರಶ್ನೆ ಕೇಳಿದರು. ಅದಕ್ಕೆ ನಾನು ಕೊಟ್ಟ ಉತ್ತರ ಸುಳ್ಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದರಲ್ಲಿ ಹೆಚ್ಚಾಗಿ ಇನ್ನೊಬ್ಬರ ತಪ್ಪೇ ಬರುತ್ತದೆ, ನನ್ನದು ಅದರ ಹಿಂದೆ ಮರೆಯಾಗಬಾರದು.

ನಾನು ಅರಸೀಕೆರೆಯವಳು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನಗೆ ಹಳೇಬೀಡಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಕೆಲಸ ಸಿಕ್ಕಿತು. ನಮ್ಮ ಮನೆಯವರು ರೈಲ್ವೆಯಲ್ಲಿ ಇದ್ದದ್ದರಿಂದ ಊರು ಬದಲಿಸುವಂತಿರಲಿಲ್ಲ. ಬೆಳಿಗ್ಗೆ ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದು ಹೋಗಿ ಸಂಜೆ ವಾಪಸು ಬರುತ್ತಿದ್ದೆ. ನಾನು ಯಾರ ಜಾಗಕ್ಕೆ ಹೋದೆನೋ ಆ ಮೇಷ್ಟ್ರು ಅದೇ ತಿಂಗಳು ನಿವೃತ್ತರಾಗಿದ್ದರು. ಪ್ರಯೋಗಶಾಲೆಯ ಬೀರುಗಳ ಬೀಗದ ಕೈಗಳನ್ನು ನನಗೆ ಒಪ್ಪಿಸಿ, "ಭಾನುವಾರ ಏನ್ ಮಾಡ್ತೀಯಮ್ಮ?" ಅಂದರು.

"ಬಟ್ಟೆ ಒಗೀತೀನಿ ಸಾರ್."

"ಬಟ್ಟೆಗೆ ಮಧ್ಯಾಹ್ನ ಐತೆ. ಬೆಳಿಗ್ಗೆ ಕೆರೆ ಏರಿ ಮೇಲಕ್ಕೆ ಬಾ."

ಹೋದೆ. ಮುಂದಿನ ಒಂಬತ್ತು ವರ್ಷ, ಅರಸೀಕೆರೆಗೇ ವರ್ಗವಾಗಿ ಬಂದ ಮೇಲೂ, ಅಡಚಣೆ ಇಲ್ಲದ ಭಾನುವಾರಗಳಲ್ಲೆಲ್ಲ ಮೊದಲ ಬಸ್ಸಿಗೆ ಹಳೇಬೀಡಿಗೆ ಹೋದೆ. ಗುಳುಮುಳುಕ ಹಕ್ಕಿ ಎಲ್ಲಿ ಮುಳುಗಿತು ಅನ್ನುವುದಕ್ಕಿಂತ ಎಲ್ಲಿ ಏಳುತ್ತದೆ ಅನ್ನುವುದನ್ನು ನೋಡಬೇಕು ಅಂತ ಅವರು ಕಲಿಸಿದರು. ದೂರದ ಹೆಜ್ಜಾರ್ಲೆಯನ್ನು ಕೊಕ್ಕರೆಯಿಂದ ಬೇರೆ ಮಾಡುವುದನ್ನು, ಬಣ್ಣಕ್ಕೆ ಮೋಸಹೋಗದೆ ಹಾರುವ ರೀತಿಯನ್ನು ಗುರುತಿಡುವುದನ್ನು ಕಲಿಸಿದರು. ಎಲ್ಲಕ್ಕಿಂತ ಮೊದಲು ಕಲಿಸಿದ್ದು ಒಂದು ನಿಯಮ: ಇಬ್ಬರೂ ಕಂಡರೆ ಮಾತ್ರ ಹಕ್ಕಿ ದಾಖಲೆ ಪುಸ್ತಕಕ್ಕೆ.

ಒಮ್ಮೆ ಅವರು ಬೆನ್ನು ತಿರುಗಿಸಿ ಕನ್ನಡಕ ಒರೆಸಿಕೊಳ್ಳುತ್ತಿದ್ದಾಗ ಜೊಂಡಿನಿಂದ ಕಂದು ಬಣ್ಣದ ಒಂದು ಬಕ ಎದ್ದು, ನಾಲ್ಕು ಮಾರು ಹಾರಿ, ಮತ್ತೆ ಜೊಂಡಿಗೆ ಇಳಿಯಿತು. ಆ ಜಾತಿ ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಒಂದು ಗಂಟೆ ಕಾದೆವು, ಅದು ಮತ್ತೆ ಏಳಲಿಲ್ಲ. ಬರೆಯಲು ಅವರು ಬಿಡಲಿಲ್ಲ. ನನಗೆ ಅಳು ಬರುವಷ್ಟಾಗಿತ್ತು.

"ನೀನು ಸುಳ್ಳು ಹೇಳ್ತೀಯ ಅಂತಲ್ಲ ಕಣಮ್ಮ," ಅಂದರು. "ಒಬ್ಬರ ಕಣ್ಣು ತನಗೆ ಬೇಕಾದ್ದನ್ನೇ ಕಾಣ್ತದೆ. ಅದಕ್ಕೇ ಇನ್ನೊಬ್ರು ಇರೋದು."

ಪುಸ್ತಕ ಬರೆಯುವ ಕ್ರಮವನ್ನು ಇಲ್ಲಿ ಸರಿಯಾಗಿ ಹೇಳಬೇಕು, ಎಲ್ಲವೂ ಅದರ ಮೇಲೆಯೇ ನಿಂತಿದೆ. ಏರಿಯ ಮೇಲೆ ಚೀಟಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತಿದ್ದೆವು. ಅದನ್ನು ಮೇಷ್ಟ್ರು ಮಧ್ಯಾಹ್ನ ಊಟವಾದ ಮೇಲೆ ಮನೆಯಲ್ಲಿ ಕೂತು ದಪ್ಪ ರಟ್ಟಿನ ಪುಸ್ತಕಕ್ಕೆ ಮುದ್ದಾದ ಅಕ್ಷರದಲ್ಲಿ ಇಳಿಸುತ್ತಿದ್ದರು. ಅಷ್ಟು ಹೊತ್ತು ನಾನು ಕೂರುವಂತಿರಲಿಲ್ಲ, ಮನೆಯಲ್ಲಿ ಭಾನುವಾರದ ಅಡುಗೆ ಕಾಯುತ್ತಿತ್ತು. ಹಾಗಾಗಿ ಬೆಳಿಗ್ಗೆ ಹೋದ ಕೂಡಲೇ, ಅವರ ಹೆಂಡತಿ ಕೊಟ್ಟ ಕಾಫಿ ಕುಡಿಯುತ್ತ, ಖಾಲಿ ಹಾಳೆಯ ಕೆಳಗೆ ಬಲಗಡೆ 'ಎರಡನೇ ಸಾಕ್ಷಿ' ಅಂತ ಇದ್ದ ಕಡೆ ಸಹಿ ಹಾಕಿಬಿಡುತ್ತಿದ್ದೆ. ಬರಬರುತ್ತ ತಿಂಗಳಿಗೊಮ್ಮೆ ನಾಲ್ಕು ಹಾಳೆಗೂ ಒಟ್ಟಿಗೇ ಹಾಕುವುದು ರೂಢಿಯಾಯಿತು. ನಾನು ಬಾರದ ಭಾನುವಾರದ ಹಾಳೆಗೆ ಅವರು ಅಡ್ಡಗೆರೆ ಎಳೆಯಬೇಕು, ಅದು ಮಾತು.

ಇದು ತಪ್ಪು ಅಂತ ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ನಾವು ಮೇಷ್ಟ್ರುಗಳು. ಶಾಲೆಯಲ್ಲಿ ಹೊರಗೆ ಹೋಗುವ ಮೊದಲೇ ಹೋಗಿಬಂದ ವೇಳೆ ಬರೆದು ಸಹಿ ಹಾಕುತ್ತಿದ್ದೆವು. ಜನಗಣತಿಯ ನಮೂನೆ, ಅಂಕಪಟ್ಟಿ, ಸಭೆಯ ನಡಾವಳಿ, ಎಲ್ಲಕ್ಕೂ ಸಹಿ ಮೊದಲು, ಬರಹ ಆಮೇಲೆ. ಹಿಂದಿನ ಹಾಳೆಗಳನ್ನು ತಿರುಗಿಸಿ ಓದಬಹುದಿತ್ತು. ಅದು ಅವರನ್ನು ಪರೀಕ್ಷೆ ಮಾಡಿದಂತೆ ಅನ್ನಿಸಿ ಓದಲಿಲ್ಲ.

ಒಂಬತ್ತನೆಯ ವರ್ಷ ಬೆಂಗಳೂರಿನ ಕೆಲವು ಪ್ರಕೃತಿ ಆಸಕ್ತರು ನಮ್ಮ ಕಡೆಯ ಕೆರೆಗಳ ಹಕ್ಕಿಗಳ ಬಗ್ಗೆ ಒಂದು ಪುಸ್ತಕ ತರುವ ಕೆಲಸ ಶುರುಮಾಡಿದ್ದರು. ಮೇಷ್ಟ್ರು ನಮ್ಮ ಪಟ್ಟಿಯನ್ನು ಅವರಿಗೆ ಕಳಿಸಿದರು. ಅದೇ ಗುಂಪು ಆ ವರ್ಷ ಕೊಚ್ಚಿಯಿಂದ ಒಂದು ಸಣ್ಣ ಹಡಗು ಗೊತ್ತುಮಾಡಿ, ಲಕ್ಷದ್ವೀಪದ ಕಡೆಯ ದೂರದ ದ್ವೀಪಗಳಲ್ಲಿ ಹಕ್ಕಿ, ಆಮೆ, ಡಾಲ್ಫಿನ್ ನೋಡುವ ಒಂದು ವಾರದ ಪ್ರಯಾಣ ಇಟ್ಟುಕೊಂಡಿತ್ತು. ಎರಡು ಜಾಗಗಳನ್ನು ಊರಿನ ಕೆರೆ ನೋಡಿಕೊಂಡವರಿಗೆ ಅಂತ ಬಿಟ್ಟಿದ್ದರು. ಅವು ನಮಗೆ ಬಂದವು.

"ನಮ್ಮ ಪಟ್ಟಿ ಮೆಚ್ಚಿ ಕರೆದವ್ರೆ ಕಣಮ್ಮ," ಅಂದರು ಮೇಷ್ಟ್ರು. ಅವರ ಹೆಂಡತಿಗೂ ಬನ್ನಿ ಅಂದೆ. "ನಂಗೆ ಹಾಸನದ ಬಸ್ಸೇ ತಲೆ ತಿರುಗ್ತದೆ ಕಣವ್ವ, ನೀನೇ ನೋಡ್ಕೊ ಇವ್ರನ್ನ," ಅಂದರು ಅವರು.

ಆ ದ್ವೀಪಗಳಿಗೆ ಹೋಗಲು ಪೊಲೀಸರ ಪ್ರಮಾಣಪತ್ರ ಬೇಕಾಗಿತ್ತು. ಅರಸೀಕೆರೆ ಸ್ಟೇಷನ್ನಿನಲ್ಲಿ ಹೆಡ್ ಕಾನ್‌ಸ್ಟೇಬಲ್ ನನ್ನ ಅರ್ಜಿಯನ್ನು ಎರಡು ಸಲ ಓದಿ, "ಹಕ್ಕಿ ನೋಡಕ್ಕೆ ಸಮುದ್ರಕ್ಕಾ ಮೇಡಂ? ನಮ್ಮ ಮಂಡಿ ಹತ್ರ ಕೊಬ್ರಿ ಒಣಹಾಕ್ತಾರಲ್ಲ, ಅಲ್ಲಿ ಬೇಕಾದಷ್ಟು ಕಾಗೆ ಅವೆ," ಅಂದರು. ನನ್ನ ಮೇಲೆ ಯಾವ ಮೊಕದ್ದಮೆಯೂ ಇಲ್ಲ, ನಡತೆ ಒಳ್ಳೆಯದು ಅಂತ ಬರೆದುಕೊಟ್ಟರು. ಮನೆಯವರು ಅದನ್ನು ನೋಡಿ, "ಇದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿಹಾಕ್ತೀನಿ ಕಣೇ," ಅಂತ ನಕ್ಕರು. ದಸರಾ ರಜೆಯ ಕೊನೆಗೆ ಹೊರಟೆವು.

ಹಡಗು ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ಇಪ್ಪತ್ತಾರು ಜನ ಪ್ರಯಾಣಿಕರು. ಮೇಲಿನ ಅಟ್ಟದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಗಾಳಿಗೆ ಹಾರದ ಹಾಗೆ ಒಂದಕ್ಕೊಂದು ಹಗ್ಗದಿಂದ ಕಟ್ಟಿದ್ದವು. ನನ್ನ ಕೋಣೆಯಲ್ಲಿ ಇನ್ನೊಬ್ಬರು ಬೇಲೂರಿನವರು. ದೇವಸ್ಥಾನದ ಬೀದಿಯಲ್ಲಿ ಅವರ ಗಂಡನ ಫೋಟೋ ಸ್ಟುಡಿಯೋ. ಗಂಡ ಹೆಂಡತಿ ಇಬ್ಬರೂ ಬರಬೇಕಿತ್ತು. ಗಂಡ ಹೊರಡುವ ವಾರ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡು, ಹೆಂಡತಿಯ ಕೊರಳಿಗೆ ಕ್ಯಾಮೆರಾ ಹಾಕಿ ಕಳಿಸಿದ್ದರು.

"ಸಮುದ್ರ ಪೂರ್ತಿ ತೆಗ್ಕೊಂಡ್ ಬಾ ಅಂದವ್ರೆ ಟೀಚ್ರೇ. ಅವ್ರಿಗೆ ಏನ್ ಗೊತ್ತು, ಎತ್ತ ತಿರುಗಿದ್ರೂ ಒಂದೇ ಫೋಟೋ ಬತ್ತದೆ," ಅನ್ನುತ್ತ ಆಕೆ ನಿಂಬೆಹಣ್ಣು ಮೂಸಿಕೊಂಡು ಮಲಗಿದರು.

ನನಗೆ ಹಾಗೆ ಅನ್ನಿಸಲಿಲ್ಲ. ಎರಡನೆಯ ದಿನ ಹಡಗಿನ ಮೂತಿಯ ಮುಂದೆ ಹನ್ನೊಂದು ಡಾಲ್ಫಿನ್‌ಗಳು ಓಡಿದವು. ಹಾರುಮೀನುಗಳು ನೀರಿನಿಂದ ಎದ್ದು, ಹಿಡಿ ಹಿಡಿ ಅಕ್ಕಿ ಎರಚಿದಂತೆ, ಮತ್ತೆ ನೀರಿಗೆ ಬಿದ್ದವು. ಮೇಷ್ಟ್ರು ನನ್ನ ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದರು. ಅವರಿಗೆ ಆಗ ಅರವತ್ತೇಳು. "ಎಷ್ಟು ಎಣಿಸ್ದೆ?" ಅಂದರು. ಹನ್ನೊಂದು ಅಂದೆ. "ನಂಗೂ ಹನ್ನೊಂದೇ," ಅಂದರು. ಇಬ್ಬರೂ ಒಂದೇ ಲೆಕ್ಕಕ್ಕೆ ಬಂದಾಗ ಅವರ ಮುಖದಲ್ಲಿ ಒಂದು ತೃಪ್ತಿ ಬರುತ್ತಿತ್ತು. ನಾನು ಅದನ್ನು ತುಂಬ ಇಷ್ಟಪಡುತ್ತಿದ್ದೆ.

ಮೂರನೆಯ ದಿನದ ಮರಳುದಿಬ್ಬದಲ್ಲಿ ಒಂದು ಮರವೂ ಇರಲಿಲ್ಲ. ಇಳಿಯಲು ಅನುಮತಿ ಇಲ್ಲ, ಹಕ್ಕಿಗಳು ಮರಿ ಮಾಡುವ ಜಾಗ. ಹಡಗನ್ನು ದೂರದಲ್ಲಿ ನಿಲ್ಲಿಸಿ ನಮ್ಮನ್ನು ಚಿಕ್ಕ ದೋಣಿಗಳಲ್ಲಿ ಸುತ್ತು ಹಾಕಿಸಿದರು. ಹತ್ತಿರ ಹೋದಂತೆ ಸದ್ದು ಹೆಚ್ಚಾಯಿತು, ಆಮೇಲೆ ವಾಸನೆ ಬಂತು, ಆಮೇಲೆ ಇಡೀ ದಿಬ್ಬವೇ ಮೇಲೆದ್ದಂತೆ ಹಕ್ಕಿಗಳು ಎದ್ದವು. ನಮ್ಮ ಕೆರೆಗಳಲ್ಲಿ ನೀರಿನ ಮೇಲೆ ಸುಳಿದಾಡುವ ರೀವ ಹಕ್ಕಿಯ ಜಾತಿಯವೇ, ಆದರೆ ಬೇರೆ. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಬಾಲ ಕತ್ತರಿಯಂತೆ ಸೀಳು. ಹಣೆಯ ಮೇಲೆ ಒಂದು ಬಿಳಿ ಪಟ್ಟಿ. ನಾನು ಬಾಯಿ ತೆರೆದು ನೋಡುತ್ತಿದ್ದೆ.

ದೋಣಿಯಲ್ಲಿ ಗುಂಪಿನ ಮುಂದಾಳು ಇದ್ದರು. ನಲವತ್ತರ ಆಸುಪಾಸಿನವರು, ಮೃದುವಾಗಿ ಮಾತಾಡುವವರು, ಪುಸ್ತಕದ ಕೆಲಸ ನೋಡಿಕೊಳ್ಳುತ್ತಿದ್ದವರೂ ಅವರೇ. ಎಲ್ಲರ ಕಡೆಗೂ ತಿರುಗಿ, "ಈ ಹಕ್ಕಿ ವರ್ಷಗಟ್ಟಲೆ ನೆಲ ಮುಟ್ಟದೆ ಸಮುದ್ರದ ಮೇಲೇ ಇರುತ್ತೆ. ಬಿರುಗಾಳಿಗೆ ಸಿಕ್ಕಿದ್ರೆ ಮಾತ್ರ ಒಳನಾಡಿಗೆ ಬರೋದು. ನಮ್ಮ ದೋಣೀಲಿ ಅದನ್ನ ಒಳನಾಡಲ್ಲಿ ನೋಡಿರೋರು ಇಬ್ಬರಿದ್ದಾರೆ," ಅಂದರು. ಆಮೇಲೆ ನನ್ನನ್ನು ನೋಡಿ ನಕ್ಕರು. "ಹೇಳಿ ಮೇಡಂ, ಹಳೇಬೀಡಲ್ಲಿ ಅವತ್ತು ಹಣೆಯ ಬಿಳಿ ಪಟ್ಟಿ ಕಣ್ಣಿನ ಹಿಂದೆ ಹೋಗಿತ್ತಾ, ಕಣ್ಣಿನ ಹತ್ರಾನೇ ನಿಂತಿತ್ತಾ? ಜಾತಿ ಗೊತ್ತಾಗೋದು ಅದರಿಂದಲೇ."

ಮೊದಲು ನನಗೆ ಅರ್ಥವಾಗಲಿಲ್ಲ. ನಾನು ಮೇಷ್ಟ್ರ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ, ಬೈನಾಕ್ಯುಲರನ್ನು ಕಣ್ಣಿಗೆ ಒತ್ತಿ ಹಿಡಿದಿದ್ದರು. ಆದರೆ ಅವರು ಹಿಡಿದಿದ್ದ ದಿಕ್ಕಿನಲ್ಲಿ ಹಕ್ಕಿ ಇರಲಿಲ್ಲ.

"ದೂರದಲ್ಲಿತ್ತು," ಅಂದೆ ನಾನು.

ಇದೇ ಆ ಸುಳ್ಳು. ಒಂದೇ ಮಾತು. ದೋಣಿಯಲ್ಲಿದ್ದ ಏಳೆಂಟು ಜನ ಮೆಚ್ಚುಗೆಯಿಂದ ತಲೆದೂಗಿದರು.

ಹಡಗಿಗೆ ಮರಳಿದ ಮೇಲೆ ಮುಂದಾಳು ಒಂದು ಜೆರಾಕ್ಸ್ ಹಾಳೆ ಮತ್ತು ಒಂದು ಖಾಲಿ ಹಾಳೆ ತಂದುಕೊಟ್ಟರು. ಜೆರಾಕ್ಸ್ ನಮ್ಮ ಪುಸ್ತಕದ್ದು. ಮೂರು ವರ್ಷದ ಹಿಂದಿನ ಜೂನ್ ತಿಂಗಳ ಒಂದು ಭಾನುವಾರ. ಮೇಷ್ಟ್ರ ಅಕ್ಷರದಲ್ಲಿ ಹಕ್ಕಿಯ ವಿವರ ಇತ್ತು: ಗಾಳಿಮಳೆಯ ಮರುದಿನ, ತೂಬಿನ ಕಡೆಯ ನೀರಿನ ಮೇಲೆ, ಒಂದೇ ಒಂದು, ಹಣೆಯ ಬಿಳಿ ಕಣ್ಣಿನವರೆಗೆ ಮಾತ್ರ. ಕೆಳಗೆ ಎಡಗಡೆ ಅವರ ಸಹಿ. ಬಲಗಡೆ ನನ್ನದು. ಅಪರೂಪದ ಹಕ್ಕಿಯಾದ್ದರಿಂದ ಇಬ್ಬರು ಸಾಕ್ಷಿಗಳೂ ಒಬ್ಬರನ್ನೊಬ್ಬರು ಕೇಳದೆ ತಾವು ಕಂಡದ್ದನ್ನು ಬೇರೆ ಬೇರೆ ಬರೆದುಕೊಡಬೇಕಂತೆ. "ಅವಸರ ಇಲ್ಲ ಮೇಡಂ, ವಾಪಸು ಹೋಗೋದ್ರೊಳಗೆ ಕೊಟ್ರೆ ಆಯ್ತು. ನಿಮ್ಮ ಕೆರೆ ಪಟ್ಟಿ ಇಡಿಯಾಗಿ ಹಾಕ್ತಾ ಇದೀವಿ. ಇದೇ ಅದರ ಕಿರೀಟ," ಅಂದರು.

ಆ ಭಾನುವಾರ ನಾನು ಎಲ್ಲಿದ್ದೆ ಅನ್ನುವುದು ನನಗೆ ಚೆನ್ನಾಗಿ ನೆನಪಿತ್ತು. ಬಾಣಾವರದಲ್ಲಿ ನಾದಿನಿಯ ಮಗುವಿನ ನಾಮಕರಣ. ಹಿಂದಿನ ದಿನದ ಗಾಳಿಗೆ ಚಪ್ಪರ ಹಾರಿಹೋಗಿ ಎಲೆಗಳನ್ನು ಪಡಸಾಲೆಯಲ್ಲೇ ಹಾಕಿದ್ದರು. ರೈಲು ತಡವಾಗಿ ಸ್ಟೇಷನ್ನಿನಲ್ಲಿ ಎರಡು ಗಂಟೆ ಕೂತಿದ್ದೆವು. ಅದರ ಮುಂದಿನ ಭಾನುವಾರ ನಾನು ಹಳೇಬೀಡಿಗೆ ಹೋಗಿದ್ದೆ. ಮೇಷ್ಟ್ರು ನಾಮಕರಣದ ಊಟ ಹೇಗಿತ್ತು ಅಂತ ಕೇಳಿದ್ದರು. ಹಕ್ಕಿಯ ಮಾತು ಎತ್ತಲೇ ಇಲ್ಲ.

ನಾಲ್ಕನೆಯ ದಿನ ಜನರಿರುವ ಒಂದು ದ್ವೀಪದಲ್ಲಿ ಇಳಿದೆವು. ಹವಳದ ಗೋಡೆ ಸುತ್ತುವರಿದ ತಿಳಿನೀರಿನಲ್ಲಿ ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಎಲ್ಲರೂ ಮೀನು ನೋಡಲು ಹೋದರು. ಮೇಷ್ಟ್ರು ಹೋಗಲಿಲ್ಲ. ದಡದಲ್ಲಿ ತೆಂಗಿನ ಮರದ ಬುಡದಲ್ಲಿ ಕೂತಿದ್ದರು. ನಾನೂ ಹೋಗಿ ಕೂತೆ. ತೆಂಗಿನ ಮರ, ಒಣಹಾಕಿದ ಕೊಬ್ಬರಿಯ ವಾಸನೆ, ನಮ್ಮೂರಿನ ಮಂಡಿಯ ಹಿಂಭಾಗದಲ್ಲಿ ಕೂತಂತೆಯೇ ಇತ್ತು.

"ಸಾರ್, ಆವತ್ತು ನಾನು ಬಾಣಾವರದಲ್ಲಿದ್ದೆ," ಅಂದೆ.

"ಗೊತ್ತು."

"ಹಾಳೆಗೆ ಗೆರೆ ಎಳೀಬೇಕಿತ್ತು."

"ಎಳೀಬೇಕಿತ್ತು." ಮರಳನ್ನು ಬೆರಳಿನಿಂದ ಕೆದಕಿದರು. "ಕಂಡೆ ಕಣಮ್ಮ. ನನ್ನ ಕಣ್ಣಾಣೆ ಕಂಡೆ. ಅರ್ಧ ಗಂಟೆ ಇತ್ತು. ತೂಬಿನ ಮೇಲೆ ಸುತ್ತು ಹೊಡೀತು, ಸುಸ್ತಾಗಿತ್ತು. ಆಮೇಲೆ ಬೆಣ್ಣೆಗುಡ್ಡದ ಕಡೆ ಹೋಯ್ತು."

"ಒಬ್ಬರೇ ಕಂಡ್ರಿ ಅಂತ ಬರೀಬೋದಿತ್ತಲ್ಲ ಸಾರ್."

"ಹಳೇಬೀಡಿನ ಕೆರೇಲಿ ಸಮುದ್ರದ ಹಕ್ಕಿ ಕಂಡೆ ಅಂತ ಒಬ್ಬ ಮುದುಕ ಬರೆದ್ರೆ ಯಾರಮ್ಮ ನಂಬ್ತಾರೆ? ಬಸ್ ಸ್ಟ್ಯಾಂಡಲ್ಲಿ ಹೇಳ್ಕೊಂಡು ನಗ್ತಾರೆ."

"ನನಗಾದ್ರೂ ಹೇಳ್ಬೋದಿತ್ತು. ಮುಂದಿನ ವಾರವೇ ಬಂದಿದ್ದೆನಲ್ಲ. ಮೂರು ವರ್ಷ ಆಯ್ತಲ್ಲ ಸಾರ್."

ಅವರು ನನ್ನ ಮುಖ ನೋಡಿದರು. ಹಿಂದಿನ ದಿನ ದೋಣಿಯಲ್ಲಿ ಆ ಪ್ರಶ್ನೆ ಬಂದ ಮೇಲೆ ಮೊದಲ ಸಲ ನೋಡಿದ್ದು ಅದು.

"ಹೇಳಿದ್ರೆ ನನ್ನ ಸಹಿಗೆ ಗೆರೆ ಎಳೆದುಬಿಡಿ ಅಂತಿದ್ದೆ ನೀನು," ಅಂದರು. "ನಾನೇ ಕಲಿಸಿದ್ದಲ್ವಾ."

ಆ ಮಾತು ನನಗೆ ತಾಗಿದಷ್ಟು ಆ ಸಹಿಯೂ ತಾಗಿರಲಿಲ್ಲ. ಅವರು ನನ್ನನ್ನು ಮರೆತು ಹಾಗೆ ಮಾಡಿರಲಿಲ್ಲ. ನಾನು ಏನನ್ನುತ್ತೇನೆ ಅಂತ ಯೋಚಿಸಿ, ಸರಿಯಾಗಿ ಲೆಕ್ಕ ಹಾಕಿ, ಅದಕ್ಕಾಗಿಯೇ ನನ್ನಿಂದ ಬಚ್ಚಿಟ್ಟಿದ್ದರು. ಆಮೇಲೆ ಮೂರು ವರ್ಷ ತಿಂಗಳು ತಿಂಗಳೂ ನನಗೆ ಕಾಫಿ ಕೊಡಿಸಿ, ಪುಸ್ತಕ ಮುಂದಿಟ್ಟು, ಸಹಿ ಹಾಕಿಸಿಕೊಂಡಿದ್ದರು.

"ಬೇರೆ ಹಾಳೆಗಳಲ್ಲೂ ಹೀಗೆ ಮಾಡಿದೀರಾ ಸಾರ್?"

"ಇಲ್ಲ ಕಣಮ್ಮ. ಅದೊಂದೇ."

ಹಿಂದಿನ ವಾರವಾಗಿದ್ದರೆ ನಂಬುತ್ತಿದ್ದೆ. ಈಗ ನಂಬಬೇಕೋ ಬೇಡವೋ ತಿಳಿಯಲಿಲ್ಲ. ಹಣೆಯ ಬಿಳಿ ಕಣ್ಣಿನವರೆಗೆ ಮಾತ್ರ ಅನ್ನುವುದು ಅವರು ಕೆರೆಯಲ್ಲಿ ಕಂಡದ್ದೋ, ಚಿತ್ರದ ಪುಸ್ತಕದಲ್ಲಿ ಓದಿದ್ದೋ ಅನ್ನುವ ಅನುಮಾನ ಬಂತು. ಆ ಅನುಮಾನಕ್ಕೆ ನನ್ನ ಹತ್ತಿರ ಆಧಾರ ಇರಲಿಲ್ಲ. ಅವರು ಕಂಡಿದ್ದರು ಅನ್ನುವುದಕ್ಕೂ ಇರಲಿಲ್ಲ.

ದೋಣಿಗಳು ವಾಪಸು ಬರುವ ಹೊತ್ತಿಗೆ ಅವರು ಎದ್ದು ಪಂಚೆಯ ಮರಳು ಕೊಡವಿಕೊಂಡರು. "ಆ ಹಾಳೆ ಬರೆದುಕೊಡು," ಅಂದರು. "ಸುಳ್ಳು ಬರಿ ಅನ್ನಲ್ಲ. ನಿನ್ನೆ ನೀನೂ ಕಂಡಿದೀಯಲ್ಲ, ಅಷ್ಟು ಹತ್ತಿರದಿಂದ. ಕಂಡದ್ದನ್ನೇ ಬರಿ. ಜಾಗ ಅವ್ರು ಹಾಕ್ಕೋತಾರೆ."

ಒಂಬತ್ತು ವರ್ಷದಲ್ಲಿ ಅವರ ಬಾಯಿಂದ ನಾನು ಕೇಳಿದ ಅತ್ಯಂತ ಜಾಣತನದ ಮಾತು ಅದು. ಬರೆಯಲು ನನಗೆ ಏನೂ ಕಷ್ಟವಿರಲಿಲ್ಲ. ಆ ಹಕ್ಕಿಯ ಒಂದೊಂದು ಗರಿಯೂ ಕಣ್ಣ ಮುಂದಿತ್ತು.

ಐದನೆಯ ದಿನ ಕಡಲಾಮೆಗಳನ್ನು ನೋಡಿದೆವು. ಎಷ್ಟು ಅಂತ ನನಗೆ ಗೊತ್ತಿಲ್ಲ, ಎಣಿಸಲಿಲ್ಲ. ಊಟದ ಗಂಟೆ ಬಾರಿಸಿದಾಗ ಹೋಗದೆ ಕೋಣೆಯಲ್ಲೇ ಇದ್ದೆ. ಖಾಲಿ ಹಾಳೆ ದಿಂಬಿನ ಪಕ್ಕದಲ್ಲಿತ್ತು. ಬೇಲೂರಿನಾಕೆಗೆ ಅಷ್ಟು ಹೊತ್ತಿಗೆ ಸಮುದ್ರ ಒಗ್ಗಿತ್ತು. ತಟ್ಟೆಯಲ್ಲಿ ನನಗೂ ಅನ್ನ ಹಾಕಿಸಿಕೊಂಡು ಬಂದರು. ಕೇಳಿದರು, ಹೇಳಿದೆ.

"ಅಲ್ಲ ಕಣ್ರೀ, ಒಂದು ಹಕ್ಕಿಗೋಸ್ಕರ ಊಟ ಬಿಡ್ತಾರಾ?" ಅಂದರು. "ನಮ್ಮ ಸ್ಟುಡಿಯೋಗೆ ಬಂದು ನೋಡಿ. ಗಂಡ ದುಬೈಲಿರ್ತಾನೆ, ಹೆಂಡ್ತಿ ಇಲ್ಲಿರ್ತಾಳೆ. ಇಬ್ಬರನ್ನೂ ಒಂದೇ ಫೋಟೋಲಿ ಕೂರಿಸಿ ಹಿಂದ್ಗಡೆ ತಾಜ್ ಮಹಲ್ ಇಡ್ತೀವಿ. ಯಾರಿಗೆ ಏನ್ ಲಾಸು? ಹ್ಞೂ ಅಂತ ಬರೆದುಬಿಡಿ."

ನನಗೆ ನಗು ಬಂತು. ಆಕೆಯೂ ನಕ್ಕರು. ಆಮೇಲೆ ತಟ್ಟೆ ನನ್ನ ಮುಂದೆ ಸರಿಸಿ, "ಆದ್ರೆ ಟೀಚ್ರೇ, ಆ ಫೋಟೋ ಮಾಡೋಕ್ ಮುಂಚೆ ನಾವು ಇಬ್ಬರನ್ನೂ ಕೇಳ್ತೀವಿ. ನಿಮ್ಮನ್ನ ಆ ಮೇಷ್ಟ್ರು ಕೇಳ್ಲೇ ಇಲ್ವಲ್ಲ," ಅಂದರು.

ಆ ದಿನವೆಲ್ಲ ನಾನು ಒಂದೇ ವಿಷಯವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಸುಳ್ಳು ಬರೆದರೆ ಒಂದು ಹಕ್ಕಿ ತಪ್ಪಾಗಿ ಸೇರುತ್ತದೆ, ಬಹುಶಃ ತಪ್ಪೂ ಅಲ್ಲ. ನಮ್ಮ ಪಟ್ಟಿ ಉಳಿಯುತ್ತದೆ. ನಿಜ ಹೇಳಿದರೆ ಆ ಹಕ್ಕಿಯನ್ನು ತೆಗೆದುಹಾಕುತ್ತಾರೆ, ಮೇಷ್ಟ್ರ ಮರ್ಯಾದೆ ಹೋಗುತ್ತದೆ. ಉಳಿದ ಹಕ್ಕಿಗಳಿಗೆ ಏನಾಗಬಹುದು ಅಂತ ಯೋಚನೆ ಬಂದಾಗ ನನಗೆ ಹೆದರಿಕೆಯಾಯಿತು. ಏಕೆಂದರೆ ಮುಂದಿನ ಪ್ರಶ್ನೆ ಏನು ಅಂತ ನನಗೆ ಗೊತ್ತಿತ್ತು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

ಆರನೆಯ ದಿನ ತಿಂಡಿಯಾದ ಮೇಲೆ ಮುಂದಾಳು ಅಟ್ಟದ ಮೇಲೆ ಒಬ್ಬರೇ ಕೂತು ಏನೋ ಬರೆಯುತ್ತಿದ್ದರು. ನಾನು ಹೋಗಿ ಖಾಲಿ ಹಾಳೆಯನ್ನು ಅವರ ಮುಂದೆ ಇಟ್ಟೆ. ಆ ದಿನ ನಾನು ಹಳೇಬೀಡಿನಲ್ಲಿ ಇರಲಿಲ್ಲ, ಆ ಹಕ್ಕಿಯನ್ನು ಈ ಪ್ರಯಾಣದಲ್ಲೇ ಮೊದಲು ಕಂಡದ್ದು, ದೋಣಿಯಲ್ಲಿ ಹೇಳಿದ್ದು ಸುಳ್ಳು ಅಂದೆ. ಮೇಷ್ಟ್ರು ಕಂಡಿರಬಹುದು, ಅದು ನನಗೆ ಗೊತ್ತಿಲ್ಲ ಅಂದೆ.

ಅವರು ಪೆನ್ನು ಕೆಳಗಿಟ್ಟರು. "ಮತ್ತೆ ನಿಮ್ಮ ಸಹಿ?"

ನಮ್ಮ ರೂಢಿಯನ್ನು ಹೇಳಿದೆ.

"ಎಷ್ಟು ಹಾಳೆಗೆ ಹಾಗೆ ಮೊದಲೇ ಸಹಿ ಹಾಕಿದೀರಿ ಮೇಡಂ?"

"ಎಲ್ಲಕ್ಕೂ."

ಅವರು ಖಾಲಿ ಹಾಳೆಯನ್ನು ಮಡಚಿ ತಮ್ಮ ಕಾಗದಗಳ ನಡುವೆ ಇಟ್ಟರು. ಅವರಿಗೂ ಬೇಸರವಾಗಿತ್ತು, ಅದನ್ನು ಹೇಳಬೇಕು. "ಹಾಗಿದ್ರೆ ಪೂರ್ತಿ ಪಟ್ಟಿನೇ ಬಿಡಬೇಕಾಗುತ್ತೆ," ಅಂದರು.

"ಹೆಜ್ಜಾರ್ಲೆ ನಾನು ಕಂಡಿದೀನಿ ಸಾರ್. ಬಣ್ಣದ ಕೊಕ್ಕರೆ ಕಂಡಿದೀನಿ. ದೇವನಕ್ಕಿ ಮರಿಗಳನ್ನ ತಾವರೆ ಎಲೆ ಮೇಲೆ ಎಣಿಸಿದೀನಿ."

"ಕಂಡಿರ್ತೀರಿ ಮೇಡಂ. ಯಾವ ಭಾನುವಾರ ಕಂಡ್ರಿ, ಯಾವ ಭಾನುವಾರ ನೀವು ಇರಲೇ ಇಲ್ಲ, ಹಾಳೆ ನೋಡಿದ್ರೆ ಗೊತ್ತಾಗಲ್ಲವಲ್ಲ."

ನಾನು ಹೋಗದ ಭಾನುವಾರಗಳನ್ನು ನೆನಪು ಮಾಡಿಕೊಳ್ಳಲು ಅಲ್ಲೇ ಕೂತು ಪ್ರಯತ್ನಿಸಿದೆ. ಮದುವೆಗಳು, ಮೌಲ್ಯಮಾಪನ, ಚುನಾವಣೆ ಕೆಲಸ, ಅತ್ತೆಯ ಕಾಯಿಲೆ. ಹದಿನಾಲ್ಕು ನೆನಪಾದವು. ಇನ್ನೂ ಎಷ್ಟೋ ಇದ್ದವು. ಕೈಬಿಟ್ಟೆ.

ಮೇಷ್ಟ್ರಿಗೆ ನಾನೇ ಹೇಳಬೇಕು ಅನ್ನಿಸಿತು. ಅವರು ಕೆಳಗೆ ಕೈ ತೊಳೆಯುವ ತೊಟ್ಟಿಯ ಹತ್ತಿರ ನಿಂತು ಪಂಚೆ ಹಿಂಡುತ್ತಿದ್ದರು. ನಡೆದದ್ದನ್ನು ಹೇಳಿದೆ. ಪಟ್ಟಿ ಪೂರ್ತಿ ಹೋಯಿತು ಅನ್ನುವುದನ್ನೂ ಹೇಳಿದೆ. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಅವರು ಪಂಚೆಯನ್ನು ಪೂರ್ತಿ ಹಿಂಡಿ, ಮಡಚಿ ಹೆಗಲ ಮೇಲೆ ಹಾಕಿಕೊಂಡರು.

"ನನಗೆ ಒಂದು ಮಾತು ಹೇಳಿ ಹೋಗ್ಬೇಕಿತ್ತು ಕಣಮ್ಮ," ಅಂದರು. "ನಾನೇ ಹೋಗಿ ಹೇಳ್ತಿದ್ದೆ."

ಹೇಳುತ್ತಿದ್ದರೋ ಇಲ್ಲವೋ, ನನಗೆ ತಿಳಿಯದು. ಅವರನ್ನು ಕೇಳದೆ ಹೋದದ್ದು ಯಾಕೆ ಅಂದರೆ, ಕೇಳಿದ್ದರೆ ಅವರು ತಡೆಯುತ್ತಿದ್ದರು, ನಾನು ನಿಂತುಬಿಡುತ್ತಿದ್ದೆ. ಅವರು ನನ್ನಿಂದ ಬಚ್ಚಿಟ್ಟದ್ದಕ್ಕೆ ಕೊಟ್ಟ ಕಾರಣವೂ ಇದೇ ಅಂತ ಆ ಕ್ಷಣಕ್ಕೆ ಹೊಳೆಯಿತು.

ಏಳನೆಯ ದಿನ ಕೊಚ್ಚಿಯಲ್ಲಿ ಇಳಿದೆವು. ರೈಲಿನಲ್ಲಿ ಮಂಗಳೂರಿಗೆ, ಅಲ್ಲಿಂದ ಘಾಟಿ ಹತ್ತುವ ಬಸ್ಸು. ಮೇಷ್ಟ್ರು ಡ್ರೈವರ್ ಹಿಂದಿನ ಸೀಟಿನಲ್ಲಿ, ನಾನೂ ಬೇಲೂರಿನಾಕೆಯೂ ಮಧ್ಯದಲ್ಲಿ. ಹಾಸನದಲ್ಲಿ ಅವರಿಬ್ಬರೂ ಬೇಲೂರಿನ ಬಸ್ಸಿಗೆ, ನಾನು ಅರಸೀಕೆರೆಯದಕ್ಕೆ. ಮೇಷ್ಟ್ರು ಬಸ್ಸು ಹತ್ತುವ ಮೊದಲು ತಿರುಗಿ ಕೈ ಎತ್ತಿದರು. ಅದನ್ನು ನಾನು ಬಹಳ ದಿನ ಒಳ್ಳೆಯ ಸೂಚನೆ ಅಂತ ತಿಳಿದಿದ್ದೆ.

ಅದಾದ ಮೇಲೆ ಹಲವು ತಿಂಗಳು ನಾನು ಹಳೇಬೀಡಿಗೆ ಹೋಗಲಿಲ್ಲ. ಮರುವರ್ಷ ಬೆಂಗಳೂರಿನವರ ಪುಸ್ತಕ ಬಂತು. ನಮ್ಮ ಜಿಲ್ಲೆಯ ಕೆರೆಗಳ ಭಾಗದಲ್ಲಿ ಹಳೇಬೀಡು ಇರಲಿಲ್ಲ. ಒಂಬತ್ತು ವರ್ಷ ನಾನು ನಿಜವಾಗಿ ನಿಂತು, ನಿಜವಾಗಿ ಕಂಡ ಹಕ್ಕಿಗಳು ಎಲ್ಲೂ ಇರಲಿಲ್ಲ. ನಾನು ಬಾಯಿಬಿಟ್ಟದ್ದರಿಂದ ಇಲ್ಲವಾದವೋ, ಅವರು ಗೆರೆ ಎಳೆಯದ್ದರಿಂದಲೋ, ನಾನು ಖಾಲಿ ಹಾಳೆಗೆ ಸಹಿ ಹಾಕಿದ್ದರಿಂದಲೋ? ಮೂರೂ ನಿಜ. ಆದರೆ ಮನಸ್ಸು ಮೂರನ್ನೂ ಸಮವಾಗಿ ಹಿಡಿಯುವುದಿಲ್ಲ. ಕೋಪ ಬಂದಾಗಲೆಲ್ಲ ಅದು ಅವರ ಕಡೆಗೇ ಹೋಗುತ್ತಿತ್ತು.

ಒಂದು ಭಾನುವಾರ ತಡೆಯಲಾರದೆ ಹೋದೆ. ಬಾಗಿಲಲ್ಲಿ ಅವರ ಹೆಂಡತಿ, "ಏರಿ ಮೇಲೆ ಅವ್ರೆ ಕಣವ್ವ. ಎಷ್ಟು ದಿನ ಆಯ್ತು ನೀನು ಬಂದು," ಅಂತ ಒಳಗೆ ಕರೆದರು. ಕಾಫಿ ಬೇಡ ಅಂದು ಕೆರೆಯ ಕಡೆ ನಡೆದೆ. ಮೇಷ್ಟ್ರು ತೂಬಿನ ಹತ್ತಿರ ನಿಂತಿದ್ದರು. ನನ್ನನ್ನು ನೋಡಿದರೂ ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಬನ್ನಿ ಟೀಚರ್," ಅಂದರು. "ಬಸ್ಸು ಹೊತ್ತಿಗೆ ಸರಿಯಾಗಿ ಸಿಕ್ತಾ ನಿಮಗೆ?"

ಒಂಬತ್ತು ವರ್ಷ ನನ್ನನ್ನು 'ನೀನು' ಅಂದವರು. ನಾನು ಸಿಕ್ಕಿತು ಅಂದೆ. ನೀರಿನ ಮಟ್ಟ, ಮಳೆ, ನನ್ನ ಮನೆಯವರ ಆರೋಗ್ಯ, ಎಲ್ಲ ಕೇಳಿದರು, ಶಾಲೆಗೆ ಬಂದ ಇನ್ಸ್‌ಪೆಕ್ಟರನ್ನು ಮಾತಾಡಿಸುವ ಹಾಗೆ. ಅವರ ಕೈಯಲ್ಲಿ ಚೀಟಿಯೂ ಇರಲಿಲ್ಲ, ಪೆನ್ಸಿಲ್ಲೂ ಇರಲಿಲ್ಲ.

ಕೊನೆಗೆ ನಾನೇ ಬಾಯಿಬಿಟ್ಟೆ. "ಸಾರ್, ನಮ್ಮಿಬ್ಬರ ಮಧ್ಯೆ ಮಾತ್ರ ಕೇಳ್ತೀನಿ. ಆ ಹಕ್ಕಿ ನಿಜವಾಗ್ಲೂ ಬಂದಿತ್ತಾ?"

ಅವರು ಬೈನಾಕ್ಯುಲರ್ ಎತ್ತಿ ಆಚೆ ದಡವನ್ನು ನೋಡಿದರು.

"ಆವತ್ತು ನೀವು ಇರಲಿಲ್ಲವಲ್ಲ," ಅಂದರು.

ನಾನು ಇನ್ನೂ ಸ್ವಲ್ಪ ಹೊತ್ತು ಅವರ ಪಕ್ಕದಲ್ಲೇ ನಿಂತಿದ್ದೆ. ಕೋಡಿಯ ಕಡೆಯಿಂದ ಒಂದು ಹಕ್ಕಿ ನೀರಿಗೆ ತೀರ ಕೆಳಗಾಗಿ ಹಾರಿ ಬಂದು ಜೊಂಡಿನೊಳಗೆ ಹೋಯಿತು. ಯಾವುದು ಅಂತ ನನಗೆ ಖಚಿತವಾಗಲಿಲ್ಲ. ಅವರು ಕಂಡರೋ ಇಲ್ಲವೋ ಗೊತ್ತಿಲ್ಲ. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.